ಹಾರೆ ಸಲೀಸಾಗಿ ಇಳಿದ ಮೂಲೆ

ದ್ರಾಕ್ಷಿ ತೋಟಕ್ಕೆ ಚಪ್ಪರ ಹಾಕುವುದು ನನ್ನ ಕಸುಬು. ಏಳನೇ ಕ್ಲಾಸಿನ ಪರೀಕ್ಷೆ ಮುಗಿದ ಮಾರನೆಯ ದಿನವೇ ಅಪ್ಪನ ಹಿಂದೆ ಕಲ್ಲು ಹೊರಲು ಹೋದವನು ನಾನು. ಪಾಸೋ ಫೇಲೋ ಎಂದು ಇವತ್ತಿಗೂ ಹೋಗಿ ನೋಡಿಲ್ಲ. ನಂದಿಯ ಸುತ್ತಮುತ್ತ, ಚಿಕ್ಕಬಳ್ಳಾಪುರದ ಕಡೆ, ಶಿಡ್ಲಘಟ್ಟದ ದಾರಿಯುದ್ದಕ್ಕೂ, ಚಿಂತಾಮಣಿಯಾಚೆ ಅಂಬಾಜಿದುರ್ಗದ ತಪ್ಪಲಿನವರೆಗೂ ನಾನು ನಿಲ್ಲಿಸಿದ ಕಲ್ಲುಗಳಿವೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಅವನ್ನು ನೋಡಿಕೊಂಡು ಹೋಗುತ್ತೇನೆ. ಮೂವತ್ತು ವರ್ಷದ ಮೇಲಾಯಿತು, ನನ್ನ ಚಪ್ಪರ ಒಂದೂ ನೆಲ ಮುಟ್ಟಿಲ್ಲ ಎಂದು ಹೇಳಿಕೊಳ್ಳುವುದು ನನಗೆ ಅಭ್ಯಾಸವಾಗಿತ್ತು. ಕೇಳದವರಿಗೂ ಹೇಳುತ್ತಿದ್ದೆ.

ಚಪ್ಪರ ನೋಡದವರಿಗಾಗಿ ಒಂದು ಮಾತು. ಆಳೆತ್ತರಕ್ಕಿಂತ ಗೇಣು ಮೇಲೆ ತಂತಿಯ ಬಲೆ ಇರುತ್ತದೆ. ಬಲೆಯ ಮೇಲೆ ಬಳ್ಳಿ ಹರಡುತ್ತದೆ, ಕೆಳಗೆ ಗೊಂಚಲು ಇಳಿಬೀಳುತ್ತದೆ. ನಡುವಿನ ಕಲ್ಲುಕಂಬಗಳು ಬಲೆಯನ್ನು ಹೊರುತ್ತವೆ, ಅಷ್ಟೆ. ಬಿಗಿಯಾಗಿ ಹಿಡಿಯುವವು ಅಂಚಿನ ಕಲ್ಲುಗಳು. ಅವನ್ನು ಹೊರಕ್ಕೆ ವಾಲಿಸಿ ನಿಲ್ಲಿಸುತ್ತೇವೆ. ತಲೆಯಿಂದ ಒಂದು ದಪ್ಪ ತಂತಿ ಇಳಿಸಿ, ತೋಟದ ಹೊರಗೆ ಆಳದಲ್ಲಿ ಹೂತ ಇನ್ನೊಂದು ಕಲ್ಲಿಗೆ ಕಟ್ಟುತ್ತೇವೆ. ಹಗ್ಗ ಜಗ್ಗಾಟದಲ್ಲಿ ಕೊನೆಯವನು ಹಿಂದಕ್ಕೆ ವಾಲಿ ಕಾಲು ಊರುತ್ತಾನಲ್ಲ, ಹಾಗೆ. ಮೂಲೆಯ ಕಲ್ಲಿಗೆ ಎರಡು ದಿಕ್ಕಿನ ಎಳೆತ. ಮೂಲೆ ಹೋದರೆ ಪಕ್ಕದ ಕಲ್ಲು, ಆಮೇಲೆ ಅದರ ಪಕ್ಕದ್ದು, ಹೀಗೆ ತೋಟವೇ ಮಲಗಿಬಿಡುತ್ತದೆ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಒಬ್ಬ ಮೇಡಂ ನಮ್ಮ ಮನೆಗೆ ಬಂದಳು. ಅವಳ ಅಪ್ಪನ ತೋಟಕ್ಕೆ ಚಪ್ಪರ ಹಾಕಿದವನು ನಾನೇ. ಆಗ ಅವಳು ಲಂಗ ಹಾಕಿಕೊಂಡು ತಂತಿಯ ತುಂಡುಗಳಲ್ಲಿ ಬಳೆ ಮಾಡಿಕೊಳ್ಳುತ್ತಿದ್ದ ಹುಡುಗಿ. ಈಗ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ.

"ಮೇಸ್ತ್ರಿ, ನನ್ನ ಸ್ಟೂಡೆಂಟ್ಸು ಮೂರು ಜನ ಹತ್ತು ದಿನ ನಿಮ್ಮ ಜೊತೆ ಇರ್ಲಿ," ಅಂದಳು.

"ಯಾತಕ್ಕಮ್ಮ? ಕಲ್ಲು ಹೊರಕ್ಕಾ?"

"ಅದನ್ನೂ ಮಾಡ್ಲಿ. ನಾವು ಪರೀಕ್ಷೇಲಿ ಲೆಕ್ಕ ಕೊಡೋವಾಗ ಬೇಕಾದ ಅಂಕಿ ಎಲ್ಲಾ ಮೊದಲೇ ಬರೆದು ಕೊಟ್ಬಿಡ್ತೀವಿ. ಕಂಬದ ಎತ್ತರ ಇಷ್ಟು, ಭಾರ ಇಷ್ಟು ಅಂತ. ಕೆಲಸಕ್ಕೆ ಹೋದ್ರೆ ಯಾರು ಕೊಡ್ತಾರೆ? ಏನು ಕೇಳ್ಬೇಕು ಅನ್ನೋದೇ ಇವರಿಗೆ ತಿಳಿಯಲ್ಲ."

ಇಂಜಿನಿಯರಾಗುವವರಿಗೆ ನನ್ನ ಹತ್ತಿರ ಕಲಿಯಲು ಏನೋ ಇದೆ ಎಂದು ಓದಿದವಳೇ ಬಂದು ಹೇಳಿದ್ದು ನನಗೆ ಒಳಗೊಳಗೇ ಬಹಳ ಹಿಡಿಸಿತು. ಆದರೂ ಯೋಚನೆ ಮಾಡುವವನಂತೆ ಗಡ್ಡ ಕೆರೆದುಕೊಂಡು ಆಮೇಲೆ ಒಪ್ಪಿಕೊಂಡೆ.

ಮೂವರೂ ಕೊನೆಯ ವರ್ಷದವರು. ಒಬ್ಬಳು ಗೌರಿಬಿದನೂರಿನ ಮೇಷ್ಟ್ರ ಮಗಳು. ಕನ್ನಡಕ ಹಾಕುತ್ತಿದ್ದಳು, ಮಾತು ಕಡಿಮೆ. ಇನ್ನೊಬ್ಬ ಬಹಳ ಎತ್ತರದ ಹುಡುಗ. ನೆಲಕ್ಕಿಂತ ಫೋನನ್ನೇ ಹೆಚ್ಚು ನೋಡುವವನು. ಮೂರನೆಯವನು ಚಿಂತಾಮಣಿ ಕಡೆಯವನು. ಮನೆಯಲ್ಲಿ ಟೊಮ್ಯಾಟೊ ಬೆಳೆಯುತ್ತಿದ್ದರಿಂದ ಸಲಿಕೆ ಹಿಡಿಯುವ ಕೈ ಅವನೊಬ್ಬನಿಗೇ ಇತ್ತು. ಮೊದಲ ದಿನ ಎತ್ತರದವನು ನನ್ನನ್ನು ಅಂಕಲ್ ಎಂದ. "ನಾನು ಯಾರ ಅಂಕಲ್ಲೂ ಅಲ್ಲ ಕಣಪ್ಪ, ಮೇಸ್ತ್ರಿ ಅನ್ನು," ಎಂದು ಅಲ್ಲಿಗೇ ನಿಲ್ಲಿಸಿದೆ.

ಅವರ ಕೈಯಲ್ಲಿ ಒಂದೊಂದು ನೋಟು ಪುಸ್ತಕ. ಪುಟದ ನಡುವೆ ಗೆರೆ ಎಳೆದು, ಎಡಗಡೆ 'ಕಂಡದ್ದು', ಬಲಗಡೆ 'ಅಂದುಕೊಂಡದ್ದು' ಎಂದು ಬರೆದುಕೊಂಡಿದ್ದರು. ಮೇಡಂ ಹಾಕಿದ ಕಟ್ಟಳೆ. ಬರೆದದ್ದನ್ನು ಹೊಡೆದು ಹಾಕುವಂತಿಲ್ಲ ಎಂಬುದು ಇನ್ನೊಂದು ಕಟ್ಟಳೆ. ಅದನ್ನು ನೋಡಿ ನನ್ನ ಬಾಮೈದ ನಕ್ಕಿದ್ದ. ಅವನು ಹದಿನೈದು ವರ್ಷದಿಂದ ನನ್ನ ಜೊತೆ ಕೆಲಸ ಮಾಡುವವನು. "ಭಾವನ ಹತ್ರ ಆ ಪುಸ್ತಕ ಇದ್ರೆ ಬಲಗಡೆ ಖಾಲಿ ಬಿಡ್ಬೇಕಾಗಿತ್ತು. ಅವರು ಅಂದುಕೊಂಡಿದ್ದೆಲ್ಲಾ ಕಂಡಿದ್ದೇಯ," ಎಂದಿದ್ದ.

ಎರಡು ದಿನ ಶಿಡ್ಲಘಟ್ಟದ ಕಡೆ ಒಂದು ಹೊಸ ತೋಟದಲ್ಲಿ ಗುಂಡಿ ತೋಡಿಸಿದೆ. ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುವುದನ್ನು ಹೇಳಿಕೊಟ್ಟೆ. ಒಳಗೆ ಬಿರುಕಿಲ್ಲದ ಕಲ್ಲು ಗಂಟೆಯ ಹಾಗೆ ಖಣ್ಣೆನ್ನುತ್ತದೆ, ಬಿರುಕಿದ್ದರೆ ಒಡೆದ ಮಡಕೆಯ ಸದ್ದು. ಕನ್ನಡಕದ ಹುಡುಗಿ ಕಣ್ಣು ಮುಚ್ಚಿಕೊಂಡು ಹತ್ತು ಕಲ್ಲಿನಲ್ಲಿ ಎರಡು ಕೆಟ್ಟವನ್ನು ಹೆಕ್ಕಿದಳು. ಎತ್ತರದವನ ಅಂಗೈಯಲ್ಲಿ ಬೊಬ್ಬೆ ಬಂತು. ಅಪ್ಪ ನನಗೆ ಹೇಳುತ್ತಿದ್ದ ಮಾತನ್ನು ಅವರಿಗೂ ಹೇಳಿದೆ: "ಹಾರೆ ಮಾತಾಡ್ತದೆ, ಕೇಳಿಸ್ಕೋಬೇಕು. ಕೆಳಗೆ ಏನೈತೆ ಅಂತ ಅದಕ್ಕೇ ಮೊದಲು ಗೊತ್ತಾಗೋದು." ಮೂವರೂ ಬರೆದುಕೊಂಡರು. ಬರೆದುಕೊಳ್ಳುವುದನ್ನು ನೋಡುವುದು ನನಗೆ ಸುಖವಾಗಿತ್ತು.

ಮೂರನೆಯ ದಿನ ಬೆಳಗ್ಗೆ ಫೋನು ಬಂತು. ನಂದಿಗೂ ಚಿಕ್ಕಬಳ್ಳಾಪುರಕ್ಕೂ ನಡುವಿನ ಒಂದು ಊರಿನ ತೋಟದ ಯಜಮಾನಿ. ಗಂಡ ಚಿಕ್ಕಬಳ್ಳಾಪುರದ ಆಫೀಸೊಂದರಲ್ಲಿ ಗುಮಾಸ್ತ. ಬೆಳಗಿನ ಬಸ್ಸಿಗೆ ಹೋದರೆ ಸಂಜೆಗೆ ಬರುವುದು. ಎರಡು ಎಕರೆ ದಿಲ್‌ಖುಷ್ ದ್ರಾಕ್ಷಿಯನ್ನು ನೋಡಿಕೊಳ್ಳುವವಳು ಅವಳೇ. ಐದು ವರ್ಷದ ಹಿಂದೆ ಚಪ್ಪರ ಹಾಕಿದವನು ನಾನು.

"ಅಣ್ಣಾ, ಮೂಡಗಡೆ ಮೂಲೆಗಲ್ಲು ಒಳಕ್ಕೆ ಬಾಗ್ತಾ ಐತೆ. ತೋಟ ಸುತ್ತೋಕೆ ಹೋದ್ರೆ ತಂತಿ ತಲೆಗೆ ತಾಗ್ತು."

"ತಲೆ ಎತ್ತರ ಆಗಿರ್ಬೇಕು ನೋಡಮ್ಮ," ಎಂದೆ.

"ತಮಾಷೆ ಮಾಡ್ಬೇಡಣ್ಣ. ಬಾ."

ಹೋಗಿ ನೋಡಿದೆ. ತಮಾಷೆಯ ಮಾತಾಗಿರಲಿಲ್ಲ. ಹೊರಕ್ಕೆ ವಾಲಿರಬೇಕಾದ ಕಲ್ಲು ನೆಟ್ಟಗಾಗಿ, ಒಳಕ್ಕೆ ಬಾಗತೊಡಗಿತ್ತು. ಅದರ ಸುತ್ತ ನಾಲ್ಕು ಅಂಕಣದಷ್ಟು ಬಲೆ ಜೋಲುಬಿದ್ದಿತ್ತು. ಗೊಂಚಲುಗಳು ಆಗತಾನೆ ಬಣ್ಣ ತಿರುಗಿದ್ದವು. ಸಿಹಿ ಕೂಡಲು ಇನ್ನೂ ಇಪ್ಪತ್ತು ದಿನ ಬೇಕು. ಈಗ ಕಿತ್ತರೆ ಹುಳಿ, ಯಾವ ವ್ಯಾಪಾರಿಯೂ ಮುಟ್ಟುವುದಿಲ್ಲ. ಬಿಟ್ಟರೆ, ಕಾಯಿ ತುಂಬಿದಷ್ಟೂ ಭಾರ ಹೆಚ್ಚುತ್ತದೆ. ಚಪ್ಪರ ಬಿದ್ದರೆ ಹಣ್ಣು ಮಾತ್ರವಲ್ಲ, ಐದು ವರ್ಷ ಬೆಳೆಸಿದ ಬಳ್ಳಿಯ ತೋಳುಗಳೇ ಮುರಿದು ಹೋಗುತ್ತವೆ. ಯಜಮಾನಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಚೈನು ಪುಲ್ಲಿ ಹಾಕಿ ಹೂತ ಕಲ್ಲಿನ ತಂತಿಯನ್ನು ಬಿಗಿದೆ. ಕಲ್ಲು ಎರಡು ಬೆರಳು ಹಿಂದಕ್ಕೆ ಬಂತು. ವಿದ್ಯಾರ್ಥಿಗಳ ಕಡೆ ತಿರುಗಿ, ನೋಡಿದಿರಾ, ಎಂಬಂತೆ ಕೈ ಒರೆಸಿಕೊಂಡೆ. ಎತ್ತರದವನು ಕಲ್ಲಿನ ತಲೆಗೆ ದಾರ ಕಟ್ಟಿ ತೂಕದ ಗುಂಡು ಇಳಿಬಿಟ್ಟ. ಗುಂಡಿನ ಮೊನೆ ಇದ್ದಲ್ಲಿ ನೆಲಕ್ಕೆ ಒಂದು ಮೊಳೆ ಹೊಡೆದ. ಊಟ ಮಾಡಿ ಬಂದು ನೋಡಿದರೆ ಗುಂಡು ಮೊಳೆ ಬಿಟ್ಟು ಎರಡು ಬೆರಳು ಒಳಗೆ ಬಂದಿತ್ತು.

"ಮೇಸ್ತ್ರಿ, ನೀವು ಎಳೆದಷ್ಟೂ ವಾಪಸ್ ಹೋಗಿದೆ. ಕಂಬ ಸರಿಯಾಗಿದೆ ಅನ್ಸುತ್ತೆ. ಕೆಳಗೆ ಹೂತಿರೋದೇ ಸರೀತಾ ಇದೆ," ಎಂದ.

ಫೋನು ನೋಡುವ ಹುಡುಗನ ಬಾಯಲ್ಲಿ ಆ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ. ಬಾಮೈದ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಭಾವ, ಇದೇ ಮೂಲೆ ಅಲ್ವಾ ಅವತ್ತು…" ಎಂದು ಶುರು ಮಾಡಿದ. "ನೀಲಗಿರಿ ಗಳ ತಾ ಹೋಗು, ಬಲೆಗೆ ಆಸರೆ ಕೊಡಣ," ಎಂದು ಅವನನ್ನು ಅಟ್ಟಿದೆ.

ಅವನು ಹೇಳಹೊರಟದ್ದು ನನಗೂ ಗೊತ್ತಿತ್ತು. ಆ ತೋಟ ಪೂರಾ ಗರಸು ನೆಲ. ಐದು ವರ್ಷದ ಹಿಂದೆ ಒಂದೊಂದು ಗುಂಡಿಗೂ ಅರ್ಧ ದಿನ ಹಿಡಿದಿತ್ತು. ಹಾರೆ ಕಿಡಿ ಹಾರಿಸುತ್ತಿತ್ತು. ಈ ಮೂಲೆಯಲ್ಲಿ ಹೂಳುವ ಕಲ್ಲಿಗೆ ಗುಂಡಿ ತೋಡಿದಾಗ ಮಾತ್ರ ಬಿಸಿ ಮುದ್ದೆಗೆ ಬೆರಳು ಇಳಿದ ಹಾಗೆ ಹಾರೆ ಇಳಿಯಿತು. ನಾನು ಖುಷಿಪಟ್ಟೆ. "ದೇವರು ಕಣ್ಣು ಬಿಟ್ಟ ಕಣೋ," ಎಂದು ಬಾಮೈದನಿಗೆ ಹೇಳಿದ್ದೂ ನೆನಪಿದೆ. ಊಟದ ಹೊತ್ತಿಗೇ ಆ ಮೂಲೆ ಮುಗಿಸಿ, ಯಜಮಾನಿ ಬಡಿಸಿದ ಅವರೆಕಾಳು ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡೆ. ಸುತ್ತ ಗಟ್ಟಿ ಇರುವಾಗ ಇಲ್ಲಿ ಮಾತ್ರ ಯಾಕೆ ಮೆತ್ತಗೆ ಎಂದು ಯಾರನ್ನೂ ಕೇಳಲಿಲ್ಲ. ಹಾರೆ ಮಾತಾಡಿತ್ತು. ನನಗೆ ಕೇಳಿಸಿಯೂ ಇತ್ತು.

ಕನ್ನಡಕದ ಹುಡುಗಿ ನೋಟು ಪುಸ್ತಕ ಹಿಡಿದು ಬಂದಳು. "ಮೇಸ್ತ್ರಿ, ಈ ಕಲ್ಲು ಹೂಳೋವಾಗ ಒಳಗೆ ಮಣ್ಣು ಹೆಂಗಿತ್ತು?"

"ನೆನಪಿಲ್ಲಮ್ಮ. ಐದು ವರ್ಷ ಆಯ್ತು. ಎಷ್ಟು ಗುಂಡಿ ತೋಡ್ತೀನಿ ನಾನು."

ಅವಳು ತಲೆಯಾಡಿಸಿ ಬರೆದುಕೊಂಡಳು. ಅಕ್ಷರ ನನಗೆ ಕಾಣುವಷ್ಟು ದಪ್ಪಗಿತ್ತು: ಮೇಸ್ತ್ರಿಗೆ ನೆನಪಿಲ್ಲ. ಎಡಗಡೆಯ ಸಾಲಿನಲ್ಲಿ ಬರೆದಿದ್ದಳು, 'ಕಂಡದ್ದು' ಎಂಬುದರ ಕೆಳಗೆ. ನಾನು ಹೇಳಿದ್ದನ್ನು ಅವಳು ಅಂದುಕೊಂಡದ್ದರ ಸಾಲಿಗೆ ಹಾಕಿರಲಿಲ್ಲ, ನಂಬಿದ್ದಳು.

ಅಷ್ಟರಲ್ಲಿ ಚಿಂತಾಮಣಿಯವನು ಆ ಮೂಲೆಯಲ್ಲಿ ಬಗ್ಗಿ ಮಣ್ಣು ಹಿಸುಕುತ್ತಿದ್ದ. ಡ್ರಿಪ್ಪಿನ ಫಿಲ್ಟರ್ ತೊಳೆದ ನೀರು ಹೋಗಲು ಒಂದು ಪೈಪು ಅಲ್ಲಿಗೆ ಬಂದು ಬಾಯಿ ಬಿಟ್ಟಿತ್ತು. ಹೋದ ವರ್ಷ ಯಜಮಾನಿಯೇ ಹಾಕಿಸಿದ್ದು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು ನನಗೆ.

"ಏನಮ್ಮ, ಬುಡಕ್ಕೆ ನೀರು ಬಿಟ್ಟಿದ್ದೀಯಲ್ಲ. ನೆಲ ನೆಂದ್ರೆ ಕಲ್ಲು ಹೆಂಗೆ ನಿಲ್ತದೆ? ನನ್ನ ಒಂದು ಮಾತು ಕೇಳ್ಬಾರ್ದಾ?"

ಅವಳ ಬಾಯಿ ಜೋರು. ಸಾಮಾನ್ಯವಾಗಿ ನನ್ನ ಒಂದು ಮಾತಿಗೆ ಎರಡು ಮಾತು ಕೊಡುವವಳು. ಅವತ್ತು ಮುಖ ಸಣ್ಣದು ಮಾಡಿಕೊಂಡು, "ನನಗೇನು ಗೊತ್ತಣ್ಣ, ದಾರೀಲಿ ಕೆಸರಾಗ್ತದೆ ಅಂತ ಆ ಕಡೆಗೆ ಬಿಟ್ಟೆ," ಎಂದಳು. ತಾನೇ ಹೋಗಿ ಪೈಪನ್ನು ಎಳೆದು ದೂರಕ್ಕೆ ಹಾಕಿದಳು. ಸುತ್ತ ಇದ್ದವರು ಯಾರೂ ನನ್ನ ಮಾತನ್ನು ಅಲ್ಲಗಳೆಯಲಿಲ್ಲ. ಬಾಮೈದ ಮಾತ್ರ ಗಳ ಇಳಿಸುವಾಗ ಬೇಕಾದದ್ದಕ್ಕಿಂತ ಜೋರಾಗಿ ಸದ್ದು ಮಾಡಿದ.

ಜೋಲುಬಿದ್ದ ಬಲೆಗೆ ನೀಲಗಿರಿ ಗಳಗಳನ್ನು ಆಸರೆಯಾಗಿ ನಿಲ್ಲಿಸಿ ಆ ಸಂಜೆ ಮನೆಗೆ ಹೋದೆವು. ಮಾರನೆಯ ಬೆಳಗ್ಗೆ ಗುಂಡು ಇನ್ನೂ ಒಂದು ಬೆರಳು ಸರಿದಿತ್ತು. ಮೇಡಂ ಕೂಡ ಬಂದಿದ್ದಳು. ಮೊದಲು ಆ ಮೂಲೆಯ ಕೆಳಗೆ ಯಾರೂ ಕಾಲಿಡಬಾರದೆಂದು ಹಗ್ಗ ಕಟ್ಟಿಸಿದಳು. ಆಮೇಲೆ ಒಂದು ಕಲ್ಲಿನ ಮೇಲೆ ಕೂತಳು. ಹುಡುಗರು ಏನು ಕೇಳಿದರೂ, "ನೀವೇ ಹೇಳಿ," ಎನ್ನುವಳು. ಅವಳಿಗೆ ಗೊತ್ತಿಲ್ಲದೆ ಹಾಗೆನ್ನುತ್ತಿದ್ದಾಳೋ, ಗೊತ್ತಿದ್ದೋ, ನನಗೆ ತಿಳಿಯಲಿಲ್ಲ.

"ನೀರು ನಿಲ್ಲಿಸಿ ಒಂದು ದಿನ ಆಯ್ತಷ್ಟೆ. ನೆಲ ಒಣಗ್ಲಿ, ನಿಲ್ತದೆ," ಎಂದೆ ನಾನು.

ಕನ್ನಡಕದ ಹುಡುಗಿ ತೋಟದ ಸುತ್ತ ಒಂದು ಸುತ್ತು ಹಾಕಿ ಬಂದಿದ್ದಳು. "ಮೇಸ್ತ್ರಿ, ಆ ಕಡೆ ಮೂಲೇಲಿ ದನದ ತೊಟ್ಟಿ ಇದೆ. ಅಲ್ಲಿ ವರ್ಷಪೂರ್ತಿ ಕೆಸರಂತೆ, ಅಕ್ಕನ್ನ ಕೇಳಿದೆ. ಆ ಕಲ್ಲು ಕದಲಿಲ್ಲ. ನೀರು ಎರಡು ಕಡೆ ಇದೆ, ಬಾಗಿರೋದು ಒಂದೇ ಕಡೆ. ಅಂದ್ರೆ ನೀರಿನ ಜೊತೆ ಇಲ್ಲಿ ಇನ್ನೇನೋ ಇರ್ಬೇಕು ಅಲ್ವಾ?"

"ಅಗೆದು ನೋಡೋಣ," ಎಂದ ಎತ್ತರದವನು.

"ಅಗೆದ್ರೆ ಇರೋ ಹಿಡಿತಾನೂ ಹೋಗಿ ಚಪ್ಪರ ನಿನ್ನ ಮೇಲೆ ಕೂತ್ಕೊಳ್ತದೆ."

ಅವನು ಬಗ್ಗಿ ಗುಂಡಿಗೂ ಮೊಳೆಗೂ ನಡುವೆ ಬೆರಳಿಟ್ಟು ಅಳೆದ. "ಅಗೆಯೋ ಹಾಗಿಲ್ಲ ಅಂದ್ರೆ, ಒಳಗೆ ನೋಡಿದವರನ್ನೇ ಕೇಳ್ಬೇಕು," ಎಂದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಒಳಗೆ ನೋಡಿದವರು ಇಬ್ಬರೇ, ನಾನು ಮತ್ತು ಬಾಮೈದ. ಬಾಮೈದ ಬೀಡಿ ಹಚ್ಚುವ ನೆವದಲ್ಲಿ ಆಕಡೆ ತಿರುಗಿಕೊಂಡ.

ಯಜಮಾನಿ ಮಜ್ಜಿಗೆ ತಂದಳು. ಎಲ್ಲರಿಗೂ ಕೊಟ್ಟು ಕೊನೆಗೆ ನನ್ನ ಹತ್ತಿರ ನಿಂತಳು. ಬೆಳಗಿನಿಂದ ಗಳ ಹೊತ್ತು ಅವಳ ಭುಜದ ಬಟ್ಟೆ ಹರಿದಿತ್ತು.

"ಅಣ್ಣ, ನನ್ನ ಕೈಯಿಂದ ಆದ ತಪ್ಪಿಗೆ ನಿನ್ನ ಹೆಸರು ಕೆಡ್ತಲ್ಲ. ಓದೋ ಮಕ್ಕಳ ಮುಂದೆ ಬೇರೆ. ಯಾರಾದ್ರೂ ಕೇಳಿದ್ರೆ ನಾನೇ ಹೇಳ್ತೀನಿ, ಮೇಸ್ತ್ರಿ ತಪ್ಪಲ್ಲ, ನಾನು ನೀರು ಬಿಟ್ಟಿದ್ದು ಅಂತ."

ಅವಳ ಹಣ್ಣು ನೆಲಕ್ಕೆ ಬೀಳಲು ಎರಡು ದಿನವೋ ಮೂರು ದಿನವೋ ಇತ್ತು. ಅವಳು ನನ್ನ ಹೆಸರಿನ ಚಿಂತೆ ಮಾಡುತ್ತಿದ್ದಳು. ಮಜ್ಜಿಗೆಯ ಲೋಟವನ್ನು ಕೆಳಗಿಟ್ಟೆ.

"ಪೈಪಿಂದ ಅಲ್ಲಮ್ಮ ಆಗಿದ್ದು. ಪೈಪಿಗೆ ಮೊದಲೇ ಇಲ್ಲಿ ನೆಲ ಮೆತ್ತಗಿತ್ತು. ನನಗೆ ಅವತ್ತೇ ಗೊತ್ತಾಗಿತ್ತು. ಹಾರೆ ಸಲೀಸಾಗಿ ಇಳೀತು. ಕೆಲಸ ಬೇಗ ಆಗ್ತದಲ್ಲ ಅಂತ ಸುಮ್ಮನಾದೆ."

ಬಾಮೈದ ಹೊಗೆ ಬಿಟ್ಟು, "ಈಗ ನೆನಪಾಯ್ತಾ," ಎಂದ.

ಯಜಮಾನಿ ಬೈಯುತ್ತಾಳೆಂದುಕೊಂಡೆ. "ನೆನ್ನೆಯಿಂದ ನನ್ನನ್ನೇ ನಾನು ಬೈಕೊಂಡಿದ್ದೆನಲ್ಲಣ್ಣ," ಎಂದಳು, ಅಷ್ಟೆ. ಖಾಲಿ ಲೋಟಗಳನ್ನು ಎತ್ತಿಕೊಂಡು, "ಈಗ ಏನು ಮಾಡಣ ಹೇಳು," ಎಂದಳು.

ಮಾತು ಅಲ್ಲಿಂದ ಮುಂದೆ ಸರಾಗವಾಗಿ ಓಡಿತು. ಕನ್ನಡಕದ ಹುಡುಗಿ ಕೇಳಿದ ಮೊದಲ ಪ್ರಶ್ನೆ, ಎಷ್ಟು ದೂರದವರೆಗೆ ಮೆತ್ತಗಿದೆ ಎಂಬುದು. ನಾನು ಹಾರೆ ಹಿಡಿದೆ. ಹೂತ ಕಲ್ಲಿನಿಂದ ಒಂದೊಂದು ಹೆಜ್ಜೆಗೂ ಒಂದು ಏಟು ಹಾಕುತ್ತಾ ಹೊರಕ್ಕೆ ಹೋದೆ. ಮೂರು ಹೆಜ್ಜೆಯವರೆಗೂ ಹಾರೆ ತಾನಾಗಿ ಇಳಿಯಿತು. ನಾಲ್ಕನೆಯದಕ್ಕೆ ಟಣ್ಣೆಂದಿತು. ಯಜಮಾನಿ ಒಳಗೆ ಹೋಗಿ ರಂಗೋಲಿ ಪುಡಿಯ ಡಬ್ಬಿ ತಂದಳು. ಟಣ್ಣೆಂದ ಕಡೆಯೆಲ್ಲ ಚಿಂತಾಮಣಿಯವನು ಒಂದೊಂದು ಚಿಟಿಕೆ ಹಾಕುತ್ತಾ ಬಂದ. ಸುತ್ತ ಎಲ್ಲಾ ದಿಕ್ಕಿಗೂ ಹೊಡೆದು ಮುಗಿಸಿ ಸೊಂಟ ನೆಟ್ಟಗೆ ಮಾಡಿ ನೋಡಿದರೆ ಕೆಂಪು ನೆಲದ ಮೇಲೆ ಬಿಳಿ ಚುಕ್ಕಿಗಳು ದುಂಡಗೆ ನಿಂತಿದ್ದವು. ಏಳು ಹೆಜ್ಜೆ ಅಗಲದ ಬಳೆ. ನನ್ನ ಹೂತ ಕಲ್ಲು ಅದರ ನಟ್ಟನಡುವೆ ಇತ್ತು.

ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಆದರೂ ಹುಡುಗಿ, "ಇದು ಅಂದುಕೊಂಡದ್ದು ಮೇಸ್ತ್ರಿ, ಇನ್ನೂ ಕಂಡದ್ದಲ್ಲ," ಎಂದು ಪಕ್ಕದ ಹೊಲಕ್ಕೆ ಹೋಗಿ, ಕುರಿ ಕಾಯುತ್ತಿದ್ದ ಒಬ್ಬ ಮುದುಕಮ್ಮನನ್ನು ಕೈಹಿಡಿದು ಕರೆತಂದಳು. ಮುದುಕಮ್ಮ ರಂಗೋಲಿಯನ್ನು ನೋಡಿ ದೂರವೇ ನಿಂತಿತು, ಮಾಟಗೀಟ ಮಾಡಿದ್ದಾರೆಂದುಕೊಂಡಿತ್ತು. ಸಮಾಧಾನ ಮಾಡಿ ಕೇಳಿದ ಮೇಲೆ, "ಅದು ಬಾವಿ ಕದಾ ನಾಯ್ನಾ," ಎಂದು ತೆಲುಗು ಬೆರೆಸಿ ಹೇಳಿತು. "ನಾನು ಮದುವೆಯಾಗಿ ಬಂದಾಗ ಇಲ್ಲಿ ನೀರೆತ್ತೋಕೆ ಎತ್ತು ಕಟ್ಟಿ ಕಪಿಲೆ ಹೊಡೀತಿದ್ರು. ನೀರು ಬತ್ತಿದ್ಮೇಲೆ ಕೆರೆಗೋಡು ಮಣ್ಣು ತಂದು ಮುಚ್ಚಿದ್ರು. ಒಂದು ಬೇಸಗೆ ಪೂರಾ ಗಾಡೀಲಿ ಹೊಡೆದ್ರು."

"ನನಗೆ ಜಮೀನು ಕೊಟ್ಟೋರು ಹೇಳ್ಲೇ ಇಲ್ಲವಲ್ಲ," ಎಂದಳು ಯಜಮಾನಿ.

"ಮುಚ್ಚಿದ ಬಾವಿ ಮಾತು ಯಾರು ಎತ್ತುತಾರಮ್ಮ? ತಗೊಳ್ಳೋರು ಬೆಲೆ ಇಳಿಸಲ್ಲವಾ?" ಎಂದು ಮುದುಕಮ್ಮ ತನ್ನ ಕುರಿಗಳ ಕಡೆ ಹೊರಟುಹೋಯಿತು.

ಇನ್ನು ಉಳಿದದ್ದು, ಗಟ್ಟಿ ನೆಲದಲ್ಲಿ ಹೊಸ ಕಲ್ಲು ಹೂಳುವುದು. ಬಾವಿಯಾಚೆ ನೇರಕ್ಕೆ ಹೋಗೋಣವೆಂದರೆ ಅಲ್ಲಿ ಗಾಡಿ ದಾರಿ. ತಂತಿ ಅಡ್ಡ ಎಳೆಯುವಂತಿಲ್ಲ. ಎತ್ತರದವನು ಕಾಂಕ್ರೀಟ್ ದಿಮ್ಮಿ ಹಾಕೋಣವೆಂದ. ಅದು ಗಟ್ಟಿಯಾಗುವವರೆಗೆ ಚಪ್ಪರ ಕಾಯುವುದಿಲ್ಲವೆಂದು ಚಿಂತಾಮಣಿಯವನೇ ಹೇಳಿದ. ಬಾವಿಯ ಎಡಕ್ಕೊಂದು ಬಲಕ್ಕೊಂದು ಕಲ್ಲು ಹೂತು ಕವಣೆಯ ಹಾಗೆ ಎರಡು ತಂತಿ ಎಳೆದರೆ ಹೇಗೆ ಎಂದೆ ನಾನು. ಎಲ್ಲರಿಗೂ ಸರಿ ಕಂಡಿತು. ಎಲ್ಲಿ ಹೂಳಬೇಕೆಂದು ನಾನು ಎರಡು ಕಡ್ಡಿ ನೆಟ್ಟೆ, ಮೂಲೆಗಲ್ಲಿಗೆ ಹತ್ತಿರವಾಗಿ, ಬಾವಿಯ ಎರಡು ಕೆನ್ನೆಗೆ.

ಎತ್ತರದವನು ಅಲ್ಲಿ ನಿಂತು ತಲೆ ಕೆರೆದುಕೊಂಡ. "ಮೇಸ್ತ್ರಿ, ಇಷ್ಟು ಅಗಲ ಆದ್ರೆ ಒಂದೊಂದು ತಂತಿ ಮೇಲೂ ಎಳೆತ ಜಾಸ್ತಿ ಬೀಳುತ್ತೆ. ಆಂಗಲ್ಲು…"

"ಕನ್ನಡದಲ್ಲಿ ಹೇಳಪ್ಪ."

ಅವನು ಯಜಮಾನಿಯ ಬಟ್ಟೆ ಒಣಗಿಸುವ ತಂತಿಯ ಹತ್ತಿರ ಕರೆದುಕೊಂಡು ಹೋದ. ಜೋಲಾಗಿದ್ದ ತಂತಿಯ ನಡುವೆ ಒಂದು ಬಕೆಟ್ ನೀರು ನೇತುಹಾಕಿದ. ತಂತಿ ಸುಮ್ಮನೆ ಹೊತ್ತಿತು. ಆಮೇಲೆ ತಂತಿಯನ್ನು ನೆಟ್ಟಗೆ ಬಿಗಿದು ಅದೇ ಬಕೆಟ್ಟನ್ನು ನೇತುಹಾಕಿದ. ತಂತಿ ಕಟ್ಟಿದ್ದ ಗೂಟವೇ ಕಿತ್ತು ಬಂತು. "ಎರಡು ತಂತೀನೂ ಅಗಲ ಮಾಡಿದಷ್ಟೂ ಹೀಗೇ," ಎಂದ. ಯಜಮಾನಿ, "ನನ್ನ ಗೂಟ ಯಾರು ನೆಡ್ತಾರೆ?" ಎಂದಳು. ಎರಡು ದಿನದಲ್ಲಿ ಅವಳು ಮೊದಲ ಸಲ ತನ್ನ ದನಿಯಲ್ಲಿ ಮಾತಾಡಿದ್ದಳು.

ಬಟ್ಟೆ ಒಣಗಿಸುವ ತಂತಿಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ನನ್ನ ಕಸುಬು ಅಲ್ಲಿ ನೇತಾಡುತ್ತಿರುವುದು ಕಂಡಿರಲಿಲ್ಲ. ಕಡ್ಡಿಗಳನ್ನು ಕಿತ್ತು ಗಾಡಿ ದಾರಿಯ ಅಂಚಿನವರೆಗೆ ಹಿಂದಕ್ಕೆ ತಂದು ನೆಟ್ಟೆ. ಅವನು ಅಳೆದು, ಬರೆದು, ಇನ್ನೂ ಒಂದು ಹೆಜ್ಜೆ ಎಂದ. ಒಂದು ಹೆಜ್ಜೆ ಹಿಂದಕ್ಕೆ ಹೋದರೆ ದಾರಿಗೆ ಬರುತ್ತದೆ, ಟ್ರಾಕ್ಟರ್ ತಾಗುತ್ತದೆ ಎಂದೆ. ಅರ್ಧ ಹೆಜ್ಜೆಗೆ ಇಬ್ಬರೂ ಒಪ್ಪಿದೆವು.

ಆ ಎರಡು ಗುಂಡಿಗೆ ಒಂದೂವರೆ ದಿನ ಹಿಡಿಯಿತು. ಗರಸು ನೆಲ ಹಾರೆಯನ್ನು ಹಿಂದಕ್ಕೆ ಎಸೆಯುತ್ತಿತ್ತು. ಮೂವರೂ ಸರದಿಯ ಮೇಲೆ ತೋಡಿದರು. ಹುಡುಗಿಯ ಕೈಗೆ ನನ್ನ ಟವಲು ಸುತ್ತಿಕೊಟ್ಟೆ. ಟಣ್ ಟಣ್ ಸದ್ದು ಕೇಳುತ್ತಿದ್ದರೆ ನನಗೆ ಎದೆ ನಿರಾಳವಾಗುತ್ತಿತ್ತು. ಕಲ್ಲು ಹೂತು, ಗುದ್ದಿ, ಎರಡು ತಂತಿ ಎಳೆದು, ಎರಡಕ್ಕೂ ಒಂದೊಂದು ಪುಲ್ಲಿ ಹಾಕಿ ಸ್ವಲ್ಪ ಸ್ವಲ್ಪವೇ ಬಿಗಿದೆವು. ಒಂದು ಕಡೆ ಬಾಮೈದ, ಇನ್ನೊಂದು ಕಡೆ ನಾನು. ಎತ್ತರದವನು ಗುಂಡಿನ ಹತ್ತಿರ ಮಂಡಿಯೂರಿ ಕೂತು ಹೇಳುತ್ತಿದ್ದ. ಕಲ್ಲು ಮೂರು ಬೆರಳು ಹಿಂದಕ್ಕೆ ಬಂದಾಗ ನಾನು ನಿಲ್ಲಿಸಿದೆ.

"ಇನ್ನೂ ಮೊದಲಿನ ಹಾಗೆ ಹೊರಕ್ಕೆ ವಾಲಿಲ್ಲ ಮೇಸ್ತ್ರಿ."

"ಬಳ್ಳಿ ಕಲ್ಲನ್ನ ಸುತ್ತಿಕೊಂಡದೆ. ಇನ್ನೂ ಎಳೆದ್ರೆ ಅದರ ತೋಳು ಸೀಳ್ತದೆ. ನಮಗೆ ಬೇಕಾಗಿರೋದು ಕಲ್ಲು ನಿಲ್ಲೋದು, ಚೆಂದ ಕಾಣೋದಲ್ಲ."

ಅವನು ಅದನ್ನು ಬರೆದುಕೊಂಡ. ಮಾರನೆಯ ಬೆಳಗ್ಗೆ ಗುಂಡು ಮೊಳೆಯ ನೆತ್ತಿಯ ಮೇಲೇ ಇತ್ತು. ಅದರ ಮಾರನೆಯ ದಿನವೂ.

ಹೊರಡುವ ದಿನ ಕನ್ನಡಕದ ಹುಡುಗಿಯನ್ನು ಪಕ್ಕಕ್ಕೆ ಕರೆದೆ. "ಅಮ್ಮ, ಇಲ್ಲಿಗೆ ಬಂದ ಮೊದಲನೇ ದಿನ ಒಂದು ಬರೆದಿದ್ಯಲ್ಲ, ನನಗೆ ನೆನಪಿಲ್ಲ ಅಂತ. ಅದನ್ನ ಹೊಡೆದು ಹಾಕ್ತೀಯಾ?"

ಅವಳು ನೆಲ ನೋಡಿದಳು. "ಹೊಡೆಯೋ ಹಾಗಿಲ್ಲ ಮೇಸ್ತ್ರಿ. ಕೆಳಗೆ ಇನ್ನೊಂದು ಸಾಲು ಬರೀಬಹುದು. ಇದು ಕಾಲೇಜಲ್ಲಿ ಎಲ್ಲರ ಮುಂದೆ ಹೋಗುತ್ತೆ. ನೀವು ಬೇಡ ಅಂದ್ರೆ ಮೇಡಂನ ಕೇಳ್ತೀನಿ, ಆ ಪುಟಾನೇ ಬಿಟ್ಟುಬಿಡ್ತೀವಿ."

ಪುಟ ಬಿಟ್ಟರೆ ನನ್ನ ಹೆಸರು ಉಳಿಯುತ್ತದೆ. ಆದರೆ ಅವರು ಕಲಿತದ್ದು ಆ ಪುಟದಲ್ಲೇ ಇತ್ತು. ಅದನ್ನು ಬಿಟ್ಟರೆ ಮಿಕ್ಕಿದ್ದು ತಂತಿ ಬಿಗಿದ ಕಥೆ. ಏನು ಬರೆಯುತ್ತೀ, ಬರೆದು ತೋರಿಸು ಎಂದೆ. ಅವಳು ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು ಬರೆದಳು: ಮೇಸ್ತ್ರಿಗೆ ನೆನಪಿತ್ತು. ಮಾರನೆಯ ದಿನ ಅವರೇ ಹೇಳಿದರು. ಹೇಳಿದ ಮೇಲೆ ಬಾವಿ ಸಿಕ್ಕಿತು.

"ಇರ್ಲಿ ಬಿಡಮ್ಮ," ಎಂದೆ.

ಕಾಲೇಜಿನಲ್ಲಿ ಅವರು ಅದನ್ನು ಓದಿದ ದಿನ ಮೇಡಂ ನನ್ನನ್ನೂ ಕರೆಸಿದಳು. ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಬಹಳಷ್ಟು ಇಂಗ್ಲಿಷಿನಲ್ಲಿ ನಡೆಯಿತು. ಆ ಎರಡು ಸಾಲನ್ನು ಮಾತ್ರ ಹುಡುಗಿ ಕನ್ನಡದಲ್ಲೇ ಓದಿದಳು. ಒಂದಿಬ್ಬರು ತಿರುಗಿ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ಕಷ್ಟವಾಯಿತು, ಆದರೆ ತಗ್ಗಿಸಲಿಲ್ಲ.

ಯಜಮಾನಿಯ ಹಣ್ಣು ಇಪ್ಪತ್ತೆರಡನೆಯ ದಿನಕ್ಕೆ ಕೊಯ್ಲಾಯಿತು. ಆ ಮೂಲೆಯ ಗೊಂಚಲನ್ನೇ ಕೊಯ್ದು ನನ್ನ ಕೈಗೆ ಕೊಟ್ಟು, "ಬಾವಿ ನೀರಿಂದು, ತಿನ್ನು," ಎಂದಳು.

ಈಗ ಹೊಸ ತೋಟಕ್ಕೆ ಹೋದರೆ ಹಾರೆ ಇಳಿಸುವ ಮೊದಲು ಆ ಊರಿನಲ್ಲಿ ಎಲ್ಲರಿಗಿಂತ ವಯಸ್ಸಾದವರು ಯಾರೆಂದು ವಿಚಾರಿಸಿ, ಅವರ ಜಗಲಿಯಲ್ಲಿ ಕೂತು ಆ ನೆಲದ ಹಳೆಯ ಕಥೆ ಕೇಳಿಕೊಂಡು ಬರುತ್ತೇನೆ. "ಭಾವ ಚಪ್ಪರ ಹಾಕೋಕೆ ಬಂದವ್ರೋ, ಹೆಣ್ಣು ನೋಡೋಕೆ ಬಂದವ್ರೋ, ಮೂರು ತಲೆಮಾರಿನ ಮನೆತನ ಕೇಳ್ತಾರೆ," ಎಂದು ಬಾಮೈದ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ. ಹಾರೆ ಸಲೀಸಾಗಿ ಇಳಿದರೆ ಅಲ್ಲಿಗೇ ಕೆಲಸ ನಿಲ್ಲಿಸುವವನೂ ಅವನೇ.

ಆ ಮೂಲೆಗಲ್ಲು ಇವತ್ತಿಗೂ ಸೊಟ್ಟಗೇ ಇದೆ, ಚಿಕ್ಕಬಳ್ಳಾಪುರದ ಬಸ್ಸಿನಿಂದ ಕಾಣುತ್ತದೆ. ಮೊನ್ನೆ ಪಕ್ಕದಲ್ಲಿ ಕೂತಿದ್ದವರೊಬ್ಬರು ಕಿಟಕಿಯಿಂದ ಅದನ್ನು ತೋರಿಸಿ, "ಯಾರೋ ಕೆಲಸ ಬರದೋನು ನಿಲ್ಸಿರ್ಬೇಕು ನೋಡಿ," ಎಂದರು.

"ನಾನೇ ನಿಲ್ಸಿದ್ದು," ಎಂದೆ. ಅವರ ಸ್ಟಾಪು ಬರಲು ಇನ್ನೂ ಹೊತ್ತಿತ್ತು. ಬಾವಿಯ ಕಥೆಯನ್ನು ಮೊದಲಿನಿಂದ ಹೇಳಿದೆ.